ಕೀಟನಾಶಕಕ್ಕೆ ಬಗ್ಗದ ಸೊಳ್ಳೆಗೆ ಹೊಸ ಪರದೆ

ಮಲೇರಿಯಾ ತಡೆಗೆಂದು ಹಂಚುವ ಸೊಳ್ಳೆಪರದೆಗಳಿಗೆ ದಶಕಗಳ ಕಾಲ ಬಳಸಿದ್ದು ಪೈರೆಥ್ರಾಯ್ಡ್ ಎಂಬ ಒಂದೇ ವರ್ಗದ ಕೀಟನಾಶಕ. ಆಫ್ರಿಕಾದ ಅನಾಫಿಲಿಸ್ ಸೊಳ್ಳೆಗಳು ಅದನ್ನು ಅರಗಿಸಿಕೊಂಡಿವೆ. ಇದು ಬರೀ ಮಾತಿನ ಅಲಂಕಾರವಲ್ಲ, ಅವುಗಳ ದೇಹದ ಕಿಣ್ವಗಳು ವಿಷವನ್ನು ನಿಜಕ್ಕೂ ಒಡೆದುಹಾಕುತ್ತವೆ.

ಈ ಕಿಣ್ವಗಳನ್ನು ಕಟ್ಟಿಹಾಕುವ ಪಿಬಿಓ ರಾಸಾಯನಿಕ ಬೆರೆತ ಪರದೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಶಿಫಾರಸು ಮಾಡಿತು. ನಂತರ ಬಂದದ್ದು ಪೈರೆಥ್ರಾಯ್ಡ್ ಜೊತೆಗೆ ಕ್ಲೋರ್‌ಫೆನಾಪಿರ್ ಲೇಪಿಸಿದ ಪರದೆ. ಇದು ಸೊಳ್ಳೆಯ ಜೀವಕೋಶಗಳ ಶಕ್ತಿ ಉತ್ಪಾದನೆಯನ್ನೇ ನಿಲ್ಲಿಸುತ್ತದೆ. ಸ್ವಾರಸ್ಯವೆಂದರೆ, ಕ್ಲೋರ್‌ಫೆನಾಪಿರ್ ಅನ್ನು ಮಾರಕ ರೂಪಕ್ಕೆ ತರುವುದು ಸೊಳ್ಳೆಯದೇ ಕಿಣ್ವಗಳು. ಕಾಯುತ್ತಿದ್ದುದೇ ಕೊಲ್ಲುತ್ತದೆ!

ತಾಂಜಾನಿಯಾದ ಮಿಸುಂಗ್ವಿ ಜಿಲ್ಲೆಯಲ್ಲಿ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ ಪರೀಕ್ಷಿಸಿದಾಗ, ಹಳೆಯ ಬಗೆಯ ಪರದೆ ಪಡೆದ ಹಳ್ಳಿಗಳಲ್ಲಿ ಶೇ.45.8ರಷ್ಟು ಮಕ್ಕಳಿಗೆ ಮಲೇರಿಯಾ ಸೋಂಕಿತ್ತು. ಕ್ಲೋರ್‌ಫೆನಾಪಿರ್ ಪರದೆ ಪಡೆದ ಕಡೆ ಅದು ಶೇ.25.6. ಪಿಬಿಓ ಪರದೆಗಳು ಅಷ್ಟು ಹೊತ್ತಿಗೆ ಬಹುಮಟ್ಟಿಗೆ ಸತ್ವ ಕಳೆದುಕೊಂಡಿದ್ದವು. 2023ರ ಮಾರ್ಚ್‌ನಲ್ಲಿ ಕ್ಲೋರ್‌ಫೆನಾಪಿರ್ ಪರದೆಗೂ ಸಂಸ್ಥೆಯ ಶಿಫಾರಸು ದೊರೆಯಿತು.

ಪರದೆಯ ಆಕಾರದಲ್ಲೂ ಪ್ರಯೋಗ ನಡೆದಿದೆ. ಸೊಳ್ಳೆಗಳು ಹೆಚ್ಚಾಗಿ ಸುಳಿದಾಡುವುದು ಪರದೆಯ ಚಾವಣಿಯ ಮೇಲೆ. ಅಲ್ಲಿ ಬಲೆಯ ತಡೆಗೋಡೆಯೊಂದನ್ನು ನೆಟ್ಟಗೆ ನಿಲ್ಲಿಸಿದ ಪರದೆಯನ್ನು ಬುರ್ಕಿನಾ ಫಾಸೊದಲ್ಲಿ ಪರೀಕ್ಷಿಸಿ 2020ರಲ್ಲಿ ವರದಿ ಮಾಡಲಾಯಿತು. ಮಲಗಿದವರ ಮೈಗೆ ತಾಗದ ಜಾಗವಾದ್ದರಿಂದ ಪರದೆಗೆ ಸಾಮಾನ್ಯವಾಗಿ ಬಳಸದ ಕೀಟನಾಶಕಗಳನ್ನೂ ಅಲ್ಲಿ ಲೇಪಿಸಬಹುದು.