ಬಾಣಂತಿಯ ಕ್ಷೇಮ


ಸಿರಿವಂತ ರಾಷ್ಟ್ರಗಳಲ್ಲಿಯೂ ತಾಯಂದಿರ ಮರಣ ಪ್ರಮಾಣ ಒಂದೇ ಸಮನಾಗಿಲ್ಲ. ನಾರ್ವೆಯಲ್ಲಿ ಅದು ಅತ್ಯಲ್ಪ. ಅಮೆರಿಕದಲ್ಲಿ 2023ರಲ್ಲಿ ಲಕ್ಷ ಜನನಗಳಿಗೆ 18.6, ಕಪ್ಪು ಜನಾಂಗದ ತಾಯಂದಿರಲ್ಲಿ 50.3.

ಇದಕ್ಕೆ ಎಣಿಕೆಯ ಕ್ರಮವೂ ಒಂದು ಕಾರಣ. 2003ರಿಂದ ಇಲ್ಲಿನ ರಾಜ್ಯಗಳು ಒಂದೊಂದಾಗಿ ಮರಣಪತ್ರದಲ್ಲಿ ಗರ್ಭಧಾರಣೆಯ ಪ್ರಶ್ನೆಯನ್ನು ಸೇರಿಸಿದಂತೆಲ್ಲ ಅಂಕಿಗಳು ಏರಿದವು. ಆದರೆ ಅದೊಂದೇ ಕಾರಣವಲ್ಲ.

ಅಟ್ಲಾಂಟಾದ ಸಿ.ಡಿ.ಸಿ.ಯಲ್ಲಿ ವಿಜ್ಞಾನಿಯಾಗಿದ್ದ ಡಾ. ಶಲಾನ್ ಅರ್ವಿಂಗ್ ಕಪ್ಪು ಜನಾಂಗದವರು. ವಿದ್ಯೆಯಿತ್ತು, ವಿಮೆಯಿತ್ತು. ಆದರೂ 2017ರ ಜನವರಿಯಲ್ಲಿ, ಹೆರಿಗೆಯಾದ ಮೂರು ವಾರಗಳಲ್ಲಿ, ಅಧಿಕ ರಕ್ತದೊತ್ತಡದ ತೊಡಕುಗಳಿಂದ ತೀರಿಕೊಂಡರು. 2017–19ರ ಇಂಥ ಸಾವುಗಳನ್ನು ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚಿನವು ಹೆರಿಗೆಯಾಗಿ ವಾರ ಕಳೆದ ಮೇಲೆ ಸಂಭವಿಸಿದ್ದುದು ಕಂಡುಬಂತು. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ತಪ್ಪಿಸಬಹುದಾದಂಥವು.

ನೆದರ್‌ಲ್ಯಾಂಡ್ಸ್‌ನಲ್ಲಿ ಹೆರಿಗೆಯಾದ ಮೊದಲ ವಾರ ದಾದಿ ಬಾಣಂತಿಯ ಮನೆಗೇ ಬರುತ್ತಾಳೆ. ಇಲ್ಲಿಯಾದರೋ, ಬಡ ತಾಯಂದಿರ ಮೆಡಿಕೇಡ್ ಸೌಲಭ್ಯ ಬಹುಕಾಲ 60 ದಿನಗಳಿಗೇ ಮುಗಿಯುತ್ತಿತ್ತು. ಜಾರ್ಜಿಯಾ ಮತ್ತು ಎರಡೂ ಕೆರೊಲಿನಾಗಳು ಅದನ್ನು ಒಂದು ವರ್ಷಕ್ಕೆ ವಿಸ್ತರಿಸಿದ್ದು 2022ರಲ್ಲಿ.

ನಮ್ಮ ಹಿರಿಯರು ಬಾಣಂತನಕ್ಕೆಂದೇ ಹಲವು ವಾರಗಳನ್ನು ಮೀಸಲಿಟ್ಟರು. ಈ ದೂರದೇಶದಲ್ಲಿ ತೌರುಮನೆ ಹತ್ತಿರವಿಲ್ಲ. ಆದುದರಿಂದ ಮಗುವನ್ನು ನೋಡಲು ಹೋದಾಗ ತಾಯಿಯನ್ನೂ ವಿಚಾರಿಸಿರಿ. ತೀವ್ರ ತಲೆನೋವು, ದೃಷ್ಟಿ ಮಂಜಾಗುವುದು, ಉಸಿರುಕಟ್ಟುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು, ಇತ್ತೀಚೆಗೆ ಹೆರಿಗೆಯಾಗಿದೆಯೆಂದು ಮೊದಲು ತಿಳಿಸಿರಿ.