ಸೆನಿಸಿಯಾನಸ್ಸನ ಉಂಗುರ: ಆಟದ ಶಾಪ, ಶಾಸನದ ಶಾಪ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರಿಗೆ ಶಾಪದ ಉಂಗುರ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಪಾಳು ಗುಡಿಯ ನೆಲಮಾಳಿಗೆಯಲ್ಲಿ ಸಿಗುತ್ತೆ, ಹಾಕಿಕೊಂಡ ಮೇಲೆ ಬೆರಳು ಬಿಡೋಲ್ಲ, ಬಿಡಿಸಿಕೊಳ್ಳಲು ಇನ್ನೊಂದು ಮಂತ್ರ ಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾರೆ. ಹಳೆಯ ಕತ್ತಿ, ಉಂಗುರ, ಕಿರೀಟ ಸಿಕ್ಕಿತೆಂದರೆ ಅದರೊಳಗೊಂದು ಶಕ್ತಿ ಇದ್ದೇ ಇರುತ್ತೆ ಅನ್ನೋದು ಇಂಥ ಆಟಗಳ ಅಲಿಖಿತ ನಿಯಮ.

ನಿಜವಾದ ಇತಿಹಾಸದಲ್ಲೂ ಶಾಪದ ಜೊತೆ ಹೆಸರು ತಳುಕು ಹಾಕಿಕೊಂಡ ಒಂದು ಉಂಗುರವಿದೆ. ವಿಶೇಷ ಏನಪ್ಪಾ ಅಂದ್ರೆ, ಉಂಗುರದ ಮೇಲೂ ಬರಹವಿದೆ, ಶಾಪವೂ ಬರಹದಲ್ಲೇ ಉಳಿದಿದೆ. ಶಾಸನಾಸಕ್ತರಾದ ನಾವು ಎರಡನ್ನೂ ಒಮ್ಮೆ ಓದಿ ನೋಡೋಣ.

ಉಂಗುರದ ಪಾಠ

1785ರಲ್ಲಿ ಇಂಗ್ಲೆಂಡಿನ ಸಿಲ್ಚೆಸ್ಟರ್ ಬಳಿ, ಉಳುತ್ತಿದ್ದ ಹೊಲದಲ್ಲಿ ಒಂದು ಚಿನ್ನದ ಉಂಗುರ ಸಿಕ್ಕಿತು. ಸಿಲ್ಚೆಸ್ಟರ್ ರೋಮನ್ನರ ಕಾಲದಲ್ಲಿ ಪಟ್ಟಣವಾಗಿದ್ದ ಊರು. ಉಂಗುರದ ಕಾಲ ಕ್ರಿ.ಶ. 4ನೇ ಶತಮಾನ, ತೂಕ ಸುಮಾರು 12 ಗ್ರಾಂ. ಈಗ ಹ್ಯಾಂಪ್‌ಶೈರ್‌ನ ದಿ ವೈನ್ ಎಂಬ ಹಳೆಯ ಬಂಗಲೆಯಲ್ಲಿದೆ. ಚೌಕಾಕಾರದ ಮುಖದ ಮೇಲೆ ವೀನಸ್ ದೇವತೆಯ ಚಿತ್ರ, ಜೊತೆಗೆ ಆಕೆಯ ಹೆಸರು ಕನ್ನಡಿಯಲ್ಲಿ ಕಂಡಂತೆ ತಿರುವಿದ ಅಕ್ಷರಗಳಲ್ಲಿ ಇದೆ. ಅಂದರೆ ಮುದ್ರೆ ಒತ್ತಲು ಮಾಡಿಸಿದ್ದು.

ಸುತ್ತಿನ ಪಟ್ಟಿಯ ಮೇಲೆ ಲ್ಯಾಟಿನ್ ಬರಹ: 'ಸೆನಿಸಿಯಾನೆ ವಿವಾಸ್ ಇಇನ್ ದೇ'. ಸೆನಿಸಿಯಾನಸ್, ದೇವರಲ್ಲಿ ಬಾಳು ಎಂಬುದು ಹಾರೈಕೆ. ಸರಿಯಾದ ರೂಪ 'ಇನ್ ದೇಒ'. ಕೆತ್ತಿದವನು 'ಇ' ಅಕ್ಷರವನ್ನು ಎರಡು ಸಲ ಕೊರೆದಿದ್ದಾನೆ, ಕೊನೆಯ 'ಒ' ಅಕ್ಷರಕ್ಕೆ ಜಾಗವೇ ಸಾಲದೆ ಹೋಗಿದೆ! ನಮ್ಮ ಕಲ್ಲುಗಳಲ್ಲಿ ಬಿಟ್ಟುಹೋದ ಅಕ್ಷರಗಳನ್ನು ಕಂಡವರಿಗೆ ಈ ಪಾಡು ಹೊಸದಲ್ಲ. ಇನ್ನೊಂದು ಅಂಶ, ಈ ಹಾರೈಕೆ ಕ್ರೈಸ್ತರದು, ಚಿತ್ರ ಮಾತ್ರ ರೋಮನ್ ದೇವತೆಯದು. ಉಂಗುರ ಕೈ ಬದಲಾಯಿಸಿದ ಮೇಲೆ ಬರಹ ಸೇರಿರಬಹುದು ಅನ್ನೋ ಅನುಮಾನ ಹುಟ್ಟೋದು ಇಲ್ಲೇ.

ಶಾಪದ ಪಾಠ

ಅಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ಲಿಡ್ನಿ ಎಂಬಲ್ಲಿ ನೋಡೆನ್ಸ್ ದೇವರ ಗುಡಿಯ ಅವಶೇಷಗಳಿವೆ. 19ನೇ ಶತಮಾನದ ಆರಂಭದಲ್ಲಿ ಅಲ್ಲೊಂದು ಸೀಸದ ಫಲಕ ದೊರೆಯಿತು. ಅದರ ಸಾರ ಇಷ್ಟು: ಸಿಲ್ವಿಯಾನಸ್ ಎಂಬುವನು ಉಂಗುರ ಕಳೆದುಕೊಂಡಿದ್ದಾನೆ, ಅದರ ಬೆಲೆಯಲ್ಲಿ ಅರ್ಧವನ್ನು ನೋಡೆನ್ಸನಿಗೆ ಕೊಟ್ಟಿದ್ದಾನೆ. ಸೆನಿಸಿಯಾನಸ್ ಎಂಬ ಹೆಸರಿನವರಲ್ಲಿ ಯಾರಿಗೂ, ಉಂಗುರವನ್ನು ಗುಡಿಗೆ ತಂದೊಪ್ಪಿಸುವ ತನಕ, ದೇವರು ಆರೋಗ್ಯ ಕೊಡದಿರಲಿ. ಶಾಪ ಮತ್ತೆ ಹೊಸದಾಯಿತು ಎಂಬರ್ಥದ ಒಂದು ಪದವೂ ಫಲಕದಲ್ಲಿದೆ. ಪಾಪ, ಮೊದಲ ಸಲ ಉಂಗುರ ವಾಪಸು ಬರಲಿಲ್ಲವೇನೋ.

ಎರಡೂ ಕಡೆ ಅದೇ ಸೆನಿಸಿಯಾನಸ್ಸನೇ? ಹೆಸರು ಹೊಂದುತ್ತೆ ಅನ್ನೋದು ಬಿಟ್ಟರೆ ಬೇರೆ ಪುರಾವೆ ಇಲ್ಲ. ಅದನ್ನು ಪಕ್ಕಕ್ಕಿಟ್ಟು ಫಲಕವನ್ನಷ್ಟೇ ನೋಡಿ. ಉಂಗುರಕ್ಕೆ ಯಾವ ಶಕ್ತಿಯನ್ನೂ ಇದು ಕೊಟ್ಟಿಲ್ಲ. ಶಾಪ ತಟ್ಟುವುದು ಇಟ್ಟುಕೊಂಡ ಮನುಷ್ಯನಿಗೆ. ಅದಕ್ಕೆ ಹೆಸರುಂಟು, ಷರತ್ತುಂಟು, ಮುಗಿಯುವ ಗಡುವುಂಟು, ದೇವರಿಗೆ ಪಾಲೂ ಉಂಟು. ಮಾಟಮಂತ್ರಕ್ಕಿಂತ ಹೆಚ್ಚಾಗಿ ಇದು ದೇವರಿಗೆ ಕೊಟ್ಟ ಫಿರ್ಯಾದು. ಬಾತ್ ಪಟ್ಟಣದ ಬಿಸಿನೀರಿನ ಬುಗ್ಗೆಯಲ್ಲೂ ಇಂಥ ಸುಮಾರು 130 ಫಲಕಗಳು ಸಿಕ್ಕಿವೆ. ಹೆಚ್ಚಿನವು ಕಳವಿನ ದೂರುಗಳೇ. ಕಳ್ಳನ ಹೆಸರು ಗೊತ್ತಿಲ್ಲದಿದ್ದರೆ ಗಂಡಾಗಲಿ ಹೆಣ್ಣಾಗಲಿ, ದಾಸನಾಗಲಿ ಸ್ವತಂತ್ರನಾಗಲಿ ಅಂತ ಬರೆದು ಬುಗ್ಗೆಗೆ ಹಾಕುತ್ತಿದ್ದರು.

ಲಿಡ್ನಿಯಿಂದ ಬ್ರಹ್ಮಗಿರಿಗೆ

1928-29ರಲ್ಲಿ ಲಿಡ್ನಿಯಲ್ಲಿ ಉತ್ಖನನ ನಡೆಸಿದವರು ಮಾರ್ಟಿಮರ್ ವೀಲರ್ ಮತ್ತು ಅವರ ಪತ್ನಿ ಟೆಸ್ಸಾ. 1932ರ ವರದಿಗೆ ನೋಡೆನ್ಸ್ ಎಂಬ ಹೆಸರಿನ ಬಗ್ಗೆ ಟಿಪ್ಪಣಿ ಬರೆದುಕೊಟ್ಟವರು ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಟೋಲ್ಕಿನ್. ಐದು ವರ್ಷದ ನಂತರ ಅವರ 'ದಿ ಹಾಬಿಟ್' ಬಂತು, ಅದರಲ್ಲೊಂದು ಉಂಗುರವೂ ಬಂತು. ಈ ಉಂಗುರವೇ ಆ ಉಂಗುರಕ್ಕೆ ಮೂಲ ಅಂತ ಹೇಳುವವರಿದ್ದಾರೆ, ಆದರೆ ಟಿಪ್ಪಣಿ ಇರುವುದು ದೇವರ ಹೆಸರಿನ ಬಗ್ಗೆ. ಟೋಲ್ಕಿನ್‌ರಿಂದ ಆಟಕ್ಕೆ ಹರಿದ ನಂಟು ಮಾತ್ರ ಸ್ಪಷ್ಟ. 1974ರ ಮೊದಲ ಮುದ್ರಣದಲ್ಲಿ ಹಾಬಿಟ್‌ಗಳೇ ಇದ್ದವು, ಹಕ್ಕುದಾರರು ಆಕ್ಷೇಪಿಸಿದ ಮೇಲೆ ಹೆಸರು ಹಾಫ್ಲಿಂಗ್ ಆಯಿತು.

ವೀಲರ್ ಹೆಸರು ನಮಗೂ ಪರಿಚಿತ. 1944ರಿಂದ 1948ರವರೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿದ್ದ ಅವರು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದರು. 1892ರಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನ ಪತ್ತೆಹಚ್ಚಿದ ಜಾಗ ಅದು. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯನ್ನು ಖರೋಷ್ಠಿ ಲಿಪಿಯಲ್ಲಿ ಬರೆದಿರುವುದು ಅಲ್ಲೇ.

ನಮ್ಮ ಕಲ್ಲಿನ ಶಾಪಾಶಯ

ಶಾಪ ಬರೆದಿಡುವ ಪದ್ಧತಿ ನಮ್ಮಲ್ಲೂ ಇದೆ, ಅದೂ ಸಾವಿರಾರು ಕಲ್ಲುಗಳಲ್ಲಿ. ಹಲ್ಮಿಡಿ ಶಾಸನದಲ್ಲೇ ದತ್ತಿ ಕೆಡಿಸಿದವನಿಗೆ ಮಹಾಪಾತಕ ಎಂಬ ಎಚ್ಚರಿಕೆ ಇದೆ. ಮುಂದಿನ ದಾನಶಾಸನಗಳಲ್ಲಿ ವಾರಣಾಸಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವುದು ಇವೆಲ್ಲ ಮತ್ತೆ ಮತ್ತೆ ಬರುತ್ತವೆ. ಕಾಪಾಡಿದವನಿಗೆ ಪುಣ್ಯದ ಮಾತೂ ಪಕ್ಕದಲ್ಲೇ ಇರುತ್ತೆ. ರಾಜ ಬದಲಾಗ್ತಾನೆ, ಊರ ಗೌಡ ಬದಲಾಗ್ತಾನೆ, ದತ್ತಿ ಮಾತ್ರ ಸೂರ್ಯಚಂದ್ರರಿರುವ ತನಕ ನಡೀಬೇಕು. ಕಾವಲಿಗೆ ಯಾರನ್ನು ನಿಲ್ಲಿಸೋದು? ಮಾತನ್ನೇ ನಿಲ್ಲಿಸಿದರು. ಲಿಡ್ನಿಯ ಫಲಕ ಕಳೆದುಹೋದದ್ದನ್ನು ತರಿಸಲು ಬರೆದದ್ದು, ನಮ್ಮ ಶಾಪಾಶಯ ಕೊಟ್ಟದ್ದು ಕಳೆಯದಿರಲೆಂದು ಬರೆದದ್ದು. ಎರಡರಲ್ಲೂ ಬಲ ಇರೋದು ಬರೆದ ಮಾತಿನಲ್ಲಿ ಮತ್ತು ಅದನ್ನು ನಂಬುವ ಜನರಲ್ಲಿ.

ಇದನ್ನು ಮರೆತರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಹಳೆಯ ಕಲ್ಲಿನೊಳಗೆ ಏನೋ ಅಡಗಿದೆ, ಅಕ್ಷರಗಳು ನಿಧಿಯ ಗುರುತು ಎಂಬ ನಂಬಿಕೆಗೆ ನಮ್ಮ ಎಷ್ಟೋ ವೀರಗಲ್ಲು, ಗುಡಿಗಳು ಬಲಿಯಾಗಿವೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಒಡೆದು ಅಗೆದರು. ಇದಕ್ಕೆ ಆಟಗಳನ್ನು ದೂರಿ ಪ್ರಯೋಜನವಿಲ್ಲ. ನಿಧಿಯ ಹುಚ್ಚು ಆಟಗಳಿಗಿಂತ ಎಷ್ಟೋ ಹಳೆಯದು. ಆದರೆ ಗುಡಿ ಹೊಕ್ಕು, ವಸ್ತು ಎತ್ತಿಕೊಂಡು ಹೊರಬರುವುದೇ ಸಾಹಸ ಎಂಬ ಕಥೆ ಎರಡು ಕಡೆಯೂ ಒಂದೇ.

ಆಟದಲ್ಲಿ ವಸ್ತುವಿನ ಗುಣ ತಿಳಿಯಲು ಒಂದು ಮಂತ್ರವಿದೆ, ಹೇಳಿದರೆ ಸಾಕು, ಎಲ್ಲ ಗೊತ್ತಾಗುತ್ತೆ. ನಮಗೆ ಇರೋದು ನೀರು, ಕುಂಚ, ಕಾಗದ, ಮಸಿ. ಅಚ್ಚು ತೆಗೆದು, ಅಕ್ಷರ ಕೂಡಿಸಿ ಓದಿದರೆ ಕಲ್ಲು ಹೇಳೋದು ಯಾರು, ಯಾರಿಗೆ, ಎಷ್ಟು ಗದ್ದೆ ಕೊಟ್ಟರು ಅಂತ.

ಆಟ ಕಟ್ಟುವ ಗೆಳೆಯರಿಗೆ ಒಂದು ಮಾತು: ಮುಂದಿನ ಸಲ ಶಾಪದ ಉಂಗುರ ಇಡುವಾಗ ಜೊತೆಗೊಂದು ಸೀಸದ ಫಲಕವನ್ನೂ ಇಡಿ. ಕಳೆದುಕೊಂಡವನ ಹೆಸರು, ದೇವರಿಗೆ ಒಪ್ಪಿದ ಪಾಲು, ತಂದೊಪ್ಪಿಸಬೇಕಾದ ಗುಡಿ ಅದರಲ್ಲಿರಲಿ. ವಾಪಸು ಕೊಡೋದೂ ಸಾಹಸವೇ. ಉಳಿದ ಓದುಗರಲ್ಲಿ ಕೋರಿಕೆ: ನಿಮ್ಮೂರಿನ ದಾನಶಾಸನ ನೋಡುವಾಗ ರಾಜನ ಹೆಸರು, ಕಾಲ ಸಿಕ್ಕಿದ ಕೂಡಲೇ ನಿಲ್ಲಿಸಬೇಡಿ, ಕೊನೆಯ ಸಾಲುಗಳನ್ನೂ ಓದಿ. ಯಾರು ಏನನ್ನು ಕಳೆದುಕೊಳ್ಳಲು ಹೆದರಿದ್ದರು ಅನ್ನೋದು ಅಲ್ಲಿದೆ.