ಒಂದೇ ಸ್ವರದ ಯಂತ್ರ: ಮೋಗ್ ಸೋಲೋಗಳನ್ನ ಶಿವಮೊಗ್ಗದ ಕಿವಿಯಿಂದ ಕೇಳಿದಾಗ

ಇವತ್ತಿನ ಎಪಿಸೋಡ್ ಇಯರ್‌ಫೋನ್ ಹಾಕ್ಕೊಂಡೇ ಕೇಳಿ. ಯಾಕಂದ್ರೆ ಮಧ್ಯೆ ಮೂರು ಸಲ ನಿಮ್ಮ ಕೈಲಿ ಪಾಸ್ ಬಟನ್ ಒತ್ತಿಸಿ, ಹಾಡು ಕೇಳೋಕೆ ಕಳಿಸಿ, ಮತ್ತೆ ವಾಪಸ್ ಕರ್ಕೊಂಡು ಬರ್ತೀನಿ. ಮೂರೂ ಹಾಡು 1970ರಿಂದ 1973ರ ಒಳಗೆ ಬಂದವು. ಮೂರರಲ್ಲೂ ಒಂದೊಂದು ಸಿಂಥಸೈಸರ್ ಸೋಲೋ ಇದೆ.

ವಿಷಯ ಪ್ರೋಗ್ರೆಸಿವ್ ರಾಕ್. ಹೆಸರು ಕೇಳಿ ಓಡಬೇಡಿ. 1960ರ ದಶಕದ ಕೊನೆಗೆ ಇಂಗ್ಲೆಂಡ್‌ನ ಒಂದಷ್ಟು ಹುಡುಗರಿಗೆ ಮೂರು ನಿಮಿಷದ ಹಾಡು ಸಾಕಾಗಲಿಲ್ಲ. ಹಾಡನ್ನ ಹತ್ತು ನಿಮಿಷ, ಇಪ್ಪತ್ತು ನಿಮಿಷಕ್ಕೆ ಎಳೆದರು, ನಡುವೆ ತಾಳ ಬದಲಾಯಿಸಿದರು, ಶಾಸ್ತ್ರೀಯ ಸಂಗೀತದಿಂದ ಬೇಕಾದ್ದನ್ನ ತಗೊಂಡರು. ಅದೇ ಹೊತ್ತಿಗೆ ಅವರ ಕೈಗೆ ಒಂದು ಹೊಸ ಯಂತ್ರ ಸಿಕ್ಕಿತು.

ಇವತ್ತು ಆನ್‌ಲೈನ್‌ನಲ್ಲಿ ಸಿಗೋ ಸಾಧಾರಣ ಕೀಬೋರ್ಡ್‌ನಲ್ಲೂ ನೂರಾರು ಸೌಂಡ್ ಇರುತ್ತವೆ. 1970ರ ಆ ಯಂತ್ರ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತಿತ್ತು. ನಾಲ್ಕು ಕೀ ಒಟ್ಟಿಗೆ ಒತ್ತಿದರೂ ಕೇಳೋದು ಒಂದೇ. ಆದರೂ 50 ವರ್ಷ ಆದ್ಮೇಲೆ ಜನ ಬಾಯಲ್ಲಿ ಗುನುಗೋದು ಆ ಬಡ ಯಂತ್ರದ ಸೋಲೋಗಳನ್ನೇ. ಯಾಕೆ? ಇದಕ್ಕೆ ಉತ್ತರ ಹೇಳೋಕೆ ನನಗೆ ಬೇಕಾಗಿರೋ ಪದ ಲಂಡನ್‌ನಲ್ಲಿಲ್ಲ, ನಮ್ಮ ತುಂಗಾ ತೀರದಲ್ಲೇ ಇದೆ. ಅಲ್ಲಿಗೆ ಬರೋಣ. ಮೊದಲು ಯಂತ್ರದ ಕಥೆ.

ಯಂತ್ರ ಮಾಡಿದವರು ಅಮೆರಿಕದ ಎಂಜಿನಿಯರ್ ರಾಬರ್ಟ್ ಮೋಗ್. ಸ್ಪೆಲ್ಲಿಂಗ್ ನೋಡಿ ನಾವೆಲ್ಲ ‘ಮೂಗ್’ ಅಂತ ಓದ್ತೀವಿ, ಆದರೆ ಉಚ್ಚಾರ ಮೋಗ್. 1964ರಲ್ಲಿ ಹರ್ಬ್ ಡಾಯ್ಚ್ ಅನ್ನೋ ಸಂಗೀತಗಾರನ ಜೊತೆ ಸೇರಿ ಅವರು ಮೊದಲ ಮಾದರಿ ಕಟ್ಟಿದರು. ಆಮೇಲೆ ಬಂದ ದೊಡ್ಡ ಮೋಗ್ ನೋಡೋಕೆ ಹಳೇ ಟೆಲಿಫೋನ್ ಎಕ್ಸ್‌ಚೇಂಜ್ ತರ. ಕಪಾಟಿನ ತುಂಬಾ ನಾಬ್‌ಗಳು, ತೂತುಗಳು, ಒಂದರಿಂದ ಇನ್ನೊಂದಕ್ಕೆ ಚುಚ್ಚಿದ ವೈರ್‌ಗಳು. ಒಂದು ಸೌಂಡ್ ಬೇಕಂದ್ರೆ ವೈರ್ ಚುಚ್ಚಿ ನೀವೇ ಕಟ್ಟಬೇಕು. ವೈರ್ ಕಿತ್ತರೆ ಆ ಸೌಂಡ್ ಹೋಯ್ತು, ಸೇವ್ ಬಟನ್ ಇಲ್ಲ.

ಇಂಥ ಒಂದು ಮೋಗ್ ತರಿಸಿಕೊಂಡವನು ಕೀತ್ ಎಮರ್ಸನ್. ಅವನ ಬ್ಯಾಂಡ್ ಎಮರ್ಸನ್, ಲೇಕ್ ಅಂಡ್ ಪಾಮರ್. 1970ರಲ್ಲಿ ಲಂಡನ್‌ನ ಅಡ್ವಿಷನ್ ಸ್ಟುಡಿಯೋದಲ್ಲಿ ಅವರ ಮೊದಲ ಆಲ್ಬಮ್ ರೆಕಾರ್ಡಿಂಗ್. ಕೊನೆಗೆ ಇನ್ನೊಂದು ಹಾಡು ಕಡಿಮೆ ಬಿತ್ತು. ಗ್ರೆಗ್ ಲೇಕ್ ತಾನು 12 ವರ್ಷದವನಿದ್ದಾಗ ಗಿಟಾರ್ ಕಲಿಯುತ್ತಾ ಬರೆದಿದ್ದ ಹಾಡೊಂದನ್ನ ತೆಗೆದ. ಅದೇ ‘ಲಕ್ಕಿ ಮ್ಯಾನ್’. ಅವನೂ ಡ್ರಮ್ಮರ್ ಕಾರ್ಲ್ ಪಾಮರ್ ಸೇರಿ ಹಾಡು ಕಟ್ಟಿಬಿಟ್ಟರು. ಆಮೇಲೆ ಬಂದ ಎಮರ್ಸನ್, ಕೊನೆಯಲ್ಲಿ ಮೋಗ್ ನುಡಿಸಿ ನೋಡ್ತೀನಿ ಅಂದ. ಟೇಪ್ ಓಡ್ತಾ ಇತ್ತು. ಅವನು ಟ್ರಯಲ್ ಅಂದುಕೊಂಡು ನುಡಿಸಿದ. ಮುಗಿದ ಮೇಲೆ ಮತ್ತೆ ನುಡಿಸ್ತೀನಿ ಅಂದ, ಉಳಿದವರು ಒಪ್ಪಲಿಲ್ಲ. ಇದು ಲೇಕ್ ಜೀವನ ಪೂರ್ತಿ ಹೇಳ್ಕೊಂಡು ಬಂದ ಕಥೆ.

ಇಲ್ಲಿ ಮೊದಲ ಪಾಸ್. ಪೂರ್ತಿ ಕೇಳಿ, ಮೂರು ನಿಮಿಷ ದಾಟಿದ ಮೇಲೆ ಕಿವಿ ಚುರುಕು ಮಾಡಿ.

ಕೇಳಿದ್ರಾ? ತಣ್ಣಗಿನ ಗಿಟಾರ್ ಹಾಡು. ಕೊನೆಗೆ ಕೆಳಗಿನಿಂದ ಏನೋ ಒಂದು ಏಳುತ್ತೆ. ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಲ್ಲ, ಜಾರಿಕೊಂಡು ಹೋಗುತ್ತೆ. ಇಂಗ್ಲಿಷ್‌ನಲ್ಲಿ ಅದನ್ನ ಪೋರ್ಟಮೆಂಟೋ ಅಂತಾರೆ. ನಮ್ಮ ಸಂಗೀತ ಮೇಷ್ಟ್ರಿಗೆ ಕೇಳಿಸಿದರೆ ‘ಜಾರು’ ಅಂತಾರೆ.

ಪದ ಬಂತಲ್ಲ, ಹಾಗಾಗಿ ಊರಿಗೆ ಬರೋಣ. ಶಿವಮೊಗ್ಗದ ಪಕ್ಕ ಮತ್ತೂರು ಎಲ್ಲರಿಗೂ ಗೊತ್ತು. ಅದರ ಎದುರು ದಡದಲ್ಲಿ ಹೊಸಹಳ್ಳಿ. ಮತ್ತೂರು ಸಂಸ್ಕೃತಕ್ಕೆ ಹೆಸರಾದರೆ ಹೊಸಹಳ್ಳಿ ಗಮಕಕ್ಕೆ. ಕುಮಾರವ್ಯಾಸನಂಥ ಕವಿಗಳ ಕಾವ್ಯವನ್ನ ರಾಗದಲ್ಲಿ ಓದೋ ಕಲೆ ಅದು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕರ್ನಾಟಕ ಸಂಗೀತದಲ್ಲಿ ಇದೇ ಗಮಕ ಅನ್ನೋ ಪದಕ್ಕೆ ಇನ್ನೊಂದು ಅರ್ಥ ಇದೆ: ಸ್ವರ ಅಲುಗೋದು, ತೂಗೋದು, ಜಾರೋದು. ಕಂಪಿತ, ಜಾರು, ಸ್ಫುರಿತ ಅಂತ ಅದಕ್ಕೆ ಹೆಸರುಗಳಿವೆ. ವೀಣೆ ನುಡಿಸುವವರು ತಂತಿಯನ್ನ ಪಕ್ಕಕ್ಕೆ ಎಳೆಯೋದು ಇದಕ್ಕೇ. ಸ್ವರ ಯಾವುದು ಅನ್ನೋದಷ್ಟೇ ಅಲ್ಲ, ಅಲ್ಲಿಗೆ ಹೇಗೆ ಹೋದಿರಿ ಅನ್ನೋದೇ ರಾಗ.

ಇದು ನಮ್ಮಲ್ಲಿ ಎಷ್ಟು ಗಂಭೀರ ವಿಷಯ ಅಂದ್ರೆ, ಆಕಾಶವಾಣಿ 1940ರ ಮಾರ್ಚ್ 1ರಿಂದ ಹಾರ್ಮೋನಿಯಂ ಅನ್ನೇ ನಿಷೇಧಿಸಿತ್ತು. ಮುಖ್ಯ ಕಾರಣಗಳಲ್ಲಿ ಒಂದು ಇದೇ. ಹಾರ್ಮೋನಿಯಂನ ಪ್ರತಿ ಕೀಗೂ ಒಂದು ಗಟ್ಟಿ ಸ್ವರ, ಎರಡು ಕೀ ನಡುವೆ ಏನೂ ಇಲ್ಲ, ಗಮಕ ಬರಲ್ಲ. ಆ ನಿಷೇಧ 1971ರ ತನಕ ನಡೀತು. ನಮ್ಮ ಭದ್ರಾವತಿ ಆಕಾಶವಾಣಿ, ಅದೇ 675 ಕಿಲೋಹರ್ಟ್ಸ್, ಶುರುವಾಗಿದ್ದು 1965ರಲ್ಲಿ. ಅಂದ್ರೆ ನಮ್ಮ ಸ್ಟೇಷನ್ ಹುಟ್ಟಿದ್ದೇ ಕೀಬೋರ್ಡ್ ಬಗ್ಗೆ ಅನುಮಾನ ಇದ್ದ ಕಾಲದಲ್ಲಿ.

ಈಗ ತಾರೀಖು ನೋಡಿ. ಹಾರ್ಮೋನಿಯಂಗೆ ಬಾಗಿಲು ತೆರೆದ 1971ರ ಹೊತ್ತಿಗೇ ಮಿನಿಮೋಗ್ ಮಾರಾಟಕ್ಕೆ ಬಂತು. ಕಪಾಟಿನ ಗಾತ್ರದ ಯಂತ್ರವನ್ನ ಹೊತ್ತೊಯ್ಯೋ ಸೂಟ್‌ಕೇಸ್‌ಗೆ ಇಳಿಸಿದ ಮಾದರಿ. 44 ಕೀ, ಧ್ವನಿ ಹುಟ್ಟಿಸೋ ಮೂರು ಆಸಿಲೇಟರ್, ಈಗಲೂ ಒಂದೇ ಸ್ವರ. ಆದರೆ ಕೀಗಳ ಎಡಕ್ಕೆ ಎರಡು ಸಣ್ಣ ಚಕ್ರ ಇಟ್ಟಿದ್ದರು. ಅದರಲ್ಲೊಂದು ಪಿಚ್ ವೀಲ್. ಬಲಗೈಲಿ ಕೀ ಒತ್ತಿ, ಎಡಗೈಲಿ ಚಕ್ರ ತಿರುಗಿಸಿದರೆ ಸ್ವರ ಬಾಗುತ್ತೆ. ಹಾರ್ಮೋನಿಯಂಗೆ ಇಲ್ಲದಿದ್ದದ್ದು ಇದೇ.

ಬೆಲೆ 1,495 ಡಾಲರ್. ನಾನು ಬಿ.ಕಾಂ., ಲೆಕ್ಕ ಹಾಕದೆ ಇರೋಕೆ ಆಗಲ್ಲ. ಆಗ ಡಾಲರ್‌ಗೆ 7.50 ರೂಪಾಯಿ. ಅಂದ್ರೆ 11,200 ರೂಪಾಯಿ ಚಿಲ್ಲರೆ, ಅದರ ಮೇಲೆ ಆಮದು ಸುಂಕ. ಭದ್ರಾವತಿ ಕಬ್ಬಿಣದ ಕಾರ್ಖಾನೆ ಕೆಲಸಗಾರರ ಮನೆಯಲ್ಲಿ ಅದು ಯೋಚನೆ ಮಾಡೋ ದುಡ್ಡೇ ಅಲ್ಲ.

ಒಂದೇ ಸ್ವರ ಅನ್ನೋದನ್ನ ಅಲ್ಲಿಯವರೂ ದೋಷ ಅಂತಲೇ ತಿಳ್ಕೊಂಡಿದ್ದರು. ಯೆಸ್ ಬ್ಯಾಂಡ್‌ನ ರಿಕ್ ವೇಕ್‌ಮನ್ ಹೇಳೋ ಕಥೆ ಇದೆ. ‘ಆಲಿವರ್!’ ಸಿನಿಮಾದ ಬಾಲನಟ ಜ್ಯಾಕ್ ವೈಲ್ಡ್ ಒಂದು ಮಿನಿಮೋಗ್ ತಗೊಂಡಿದ್ದ. ಎರಡು ಕೀ ಒತ್ತಿದರೆ ಒಂದೇ ಕೇಳುತ್ತೆ, ಯಂತ್ರ ಕೆಟ್ಟಿದೆ ಅಂದುಕೊಂಡು ಅರ್ಧ ಬೆಲೆಗೆ ವೇಕ್‌ಮನ್‌ಗೆ ಮಾರಿದ. ಪಿಯಾನೋ ಕಣ್ಣಿಂದ ನೋಡಿದರೆ ಅದು ಕೆಟ್ಟ ಮಾಲು. ಕೊಳಲು, ನಾದಸ್ವರದ ಕಣ್ಣಿಂದ ನೋಡಿದರೆ ಅದರಲ್ಲಿ ಕೆಟ್ಟಿದ್ದು ಏನೂ ಇಲ್ಲ.

ಎರಡನೇ ಪಾಸ್. ಜೆನೆಸಿಸ್ ಬ್ಯಾಂಡ್‌ನ ‘ದ ಸಿನಿಮಾ ಶೋ’, 1973. ಹನ್ನೊಂದು ನಿಮಿಷದ ಹಾಡು, ಎರಡನೇ ಅರ್ಧ ಕೇಳಿ. ಕೈಯಲ್ಲಿ ಎಣಿಸ್ತಾ ಕೇಳಿ.

ಏಳು ಬಂತಾ? ಅದು ಏಳರ ಲೆಕ್ಕ. ನಮ್ಮಲ್ಲಿ ಏಳರ ಲೆಕ್ಕ ಅಂದ್ರೆ ಮಿಶ್ರ ಛಾಪು, ತಕಿಟ ತಕಧಿಮಿ. ಕೀಬೋರ್ಡ್‌ನಲ್ಲಿ ಟೋನಿ ಬ್ಯಾಂಕ್ಸ್, ಡ್ರಮ್ಸ್‌ನಲ್ಲಿ ಫಿಲ್ ಕಾಲಿನ್ಸ್. ಬ್ಯಾಂಕ್ಸ್ ಬಳಿ ಇದ್ದದ್ದು ಎಆರ್‌ಪಿ ಪ್ರೋ ಸೋಲೋಯಿಸ್ಟ್. ಅದರಲ್ಲಿ ರೆಡಿಮೇಡ್ ಸೌಂಡ್‌ಗಳಿದ್ದವು, ಸ್ವರ ಮಾತ್ರ ಒಂದೇ. ವಿಶೇಷ ಏನಂದ್ರೆ, ಕೀ ಒತ್ತಿದ ಮೇಲೂ ಬೆರಳನ್ನ ಇನ್ನೂ ಅದುಮಿದರೆ ಸ್ವರ ಕಂಪಿಸುತ್ತಿತ್ತು, ಬಾಗುತ್ತಿತ್ತು. ಒತ್ತಿದ ಮೇಲೂ ಬೆರಳಿಗೆ ಕೆಲಸ ಇತ್ತು. ವೀಣೆ ಮೆಟ್ಟಿಲ ಮೇಲೆ ನಡೆಯೋದೂ ಅದೇ ಅಲ್ವಾ?

ಇದೇನು ನಾನು ಎಲ್ಲವನ್ನೂ ನಮ್ಮದೇ ಅಂತ ಎಳೆದು ತರ್ತಿದ್ದೀನಾ? ಇಲ್ಲ. ಎಮರ್ಸನ್ ಆಗಲಿ ಬ್ಯಾಂಕ್ಸ್ ಆಗಲಿ ಗಮಕ ಕಲಿತು ನುಡಿಸಿದವರಲ್ಲ. ಆದರೆ ಮೂರನೇ ಹಾಡಿನಲ್ಲಿ ಸಂಬಂಧ ನಿಜವಾಗಿಯೂ ಇದೆ.

ಮಹಾವಿಷ್ಣು ಆರ್ಕೆಸ್ಟ್ರಾ. 1971ರಲ್ಲಿ ಶುರುವಾದ ಬ್ಯಾಂಡ್, ಜಾಝ್ ಮತ್ತು ರಾಕ್ ಬೆರೆಸಿದ್ದು, ಪ್ರೋಗ್ ಕೇಳುಗರೂ ತಮ್ಮದು ಅಂತಲೇ ಇಟ್ಕೊಂಡಿದ್ದಾರೆ. ನಾಯಕ ಜಾನ್ ಮೆಕ್‌ಲಾಫ್ಲಿನ್ ಇಂಗ್ಲಿಷ್ ಗಿಟಾರಿಸ್ಟ್. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿತವನು. ಕೀಬೋರ್ಡ್‌ನಲ್ಲಿ ಪ್ರಾಗ್‌ನ ಯಾನ್ ಹ್ಯಾಮರ್. 1973ರ ‘ಬರ್ಡ್ಸ್ ಆಫ್ ಫೈರ್’ ಆಲ್ಬಮ್‌ನಲ್ಲಿ ‘ಒನ್ ವರ್ಡ್’ ಅನ್ನೋ ಹಾಡಿದೆ. ಇದು ಮೂರನೇ ಪಾಸ್.

ಅದರಲ್ಲಿ ಗಿಟಾರ್, ಪಿಟೀಲು, ಮಿನಿಮೋಗ್ ಮೂರೂ ಒಂದರ ಮಾತಿಗೆ ಇನ್ನೊಂದು ಉತ್ತರ ಕೊಡ್ತವೆ. ನಮ್ಮ ಕಚೇರಿಯಲ್ಲಿ ಮೃದಂಗ, ಘಟ ಸವಾಲು ಹಾಕಿಕೊಳ್ಳೋ ಹಾಗೆ. ಕೇಳ್ತಾ ಕೇಳ್ತಾ ಯಾವುದು ತಂತಿ, ಯಾವುದು ಯಂತ್ರ ಅಂತ ಗೊತ್ತಾಗೋದೇ ಇಲ್ಲ. ಹ್ಯಾಮರ್ ಎಡಗೈ ಚಕ್ರದ ಮೇಲೆ ಅಷ್ಟು ಕೆಲಸ ಮಾಡುತ್ತೆ.

ನನ್ನ ಉತ್ತರ ಇಷ್ಟೇ. ಯಂತ್ರ ಒಂದೇ ಸ್ವರ ಕೊಟ್ಟಿದ್ದರಿಂದ, ನುಡಿಸುವವರು ತಮ್ಮ ಬುದ್ಧಿಯನ್ನೆಲ್ಲ ಆ ಒಂದು ಸ್ವರ ಹೇಗೆ ನಡೆಯಬೇಕು ಅನ್ನೋದಕ್ಕೆ ಹಾಕಿದರು. ಹಾಗಾಗಿ ಆ ಸೋಲೋಗಳನ್ನ ಬಾಯಲ್ಲಿ ಹಾಡಬಹುದು. ಮನುಷ್ಯನ ಗಂಟಲೂ ಒಂದು ಸಲಕ್ಕೆ ಒಂದೇ ಸ್ವರದ ಯಂತ್ರ ತಾನೇ.

ಆಮೇಲೆ ಏನಾಯ್ತು? 1978ರಲ್ಲಿ ಪ್ರಾಫೆಟ್-5 ಬಂತು, ಐದು ಸ್ವರ ಒಟ್ಟಿಗೆ, ಸೌಂಡ್ ಸೇವ್ ಮಾಡೋ ಮೆಮೊರಿ. 1983ರಲ್ಲಿ ಯಮಾಹಾ ಡಿಎಕ್ಸ್-7, 16 ಸ್ವರ. ಚಕ್ರ ಅಲ್ಲೇ ಇತ್ತು. ಆದರೆ ಎಡಗೈಗೆ ಈಗ ಬೇರೆ ಕೆಲಸ ಬಂದಿತ್ತು, ಕಾರ್ಡ್ ಹಿಡಿಯೋದು.

ನಮ್ಮ ದೇಶದಲ್ಲೂ ಈ ಕಥೆಗೆ ಇನ್ನೊಂದು ದಾರಿ ಇತ್ತು. 1969ರಲ್ಲೇ, ಅಂದ್ರೆ ‘ಲಕ್ಕಿ ಮ್ಯಾನ್’ಗೂ ಮೊದಲು, ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಒಂದು ಮೋಗ್ ಬಂದಿತ್ತು. ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನ ಜೋಡಿಸಿಕೊಟ್ಟ, ಗೀತಾ ಸಾರಾಭಾಯಿ ಮತ್ತು ಕೆಲವರು ಅದರಲ್ಲಿ ಪ್ರಯೋಗ ಮಾಡಿದರು. ಆ ಟೇಪ್‌ಗಳು ಆಲ್ಬಮ್ ಆಗಿ ಹೊರಬಂದಿದ್ದು 2023ರಲ್ಲಿ. ಬೆಂಗಳೂರಿನಲ್ಲಿ ಎಚ್‌ಎಎಲ್ ಎಂಜಿನಿಯರ್ ಆಗಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ ರಾಡೆಲ್ ಕಂಪನಿ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ತಂಬೂರಿ, ತಬಲಾ, ಡಿಜಿಟಲ್ ವೀಣೆ ತನಕ ಮಾಡಿದರು. ಡಿಜಿಟಲ್ ವೀಣೆಯಲ್ಲೂ ತಂತಿ ಎಳೆದೇ ಗಮಕ ತರಬೇಕು. ಮಂಗಳೂರು ಕಡೆಯ ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನ್‌ಗೇ ಗಮಕ ಕಲಿಸಿದರಲ್ಲ, ಅಂಥದ್ದೇ ಹಠ ಇದು.

ಈಗ ಭದ್ರಾವತಿ ನ್ಯೂಟೌನ್ ಕಡೆಗೆ ಬನ್ನಿ. ಈ ಎಪಿಸೋಡ್‌ಗೋಸ್ಕರ ಆರ್ಕೆಸ್ಟ್ರಾದಲ್ಲಿ ಬಹಳ ವರ್ಷ ಕೀಬೋರ್ಡ್ ನುಡಿಸಿದವರೊಬ್ಬರ ಹತ್ರ ಮಾತಾಡಿದೆ. ಅವರು ಶುರು ಮಾಡಿದಾಗ ಗಣೇಶನ ಹಬ್ಬದ ಸ್ಟೇಜ್ ಮೇಲೆ ಕೊಳಲು, ಪಿಟೀಲು, ತಬಲಾ, ಡ್ರಮ್ಸ್ ಎಲ್ಲ ಇರ್ತಿದ್ದವು. ಈಗ ಒಂದು ಕೀಬೋರ್ಡ್, ಒಂದು ರಿದಮ್ ಪ್ಯಾಡ್, ಕೆಲವು ಕಡೆ ಬರೀ ಟ್ರ್ಯಾಕ್. ಸಮಿತಿಯವರ ಲೆಕ್ಕ ನನಗೆ ಅರ್ಥ ಆಗುತ್ತೆ. ಐದು ಪೇಮೆಂಟ್ ಬದಲು ಎರಡು, ಐದು ಜನರ ಊಟ, ವ್ಯಾನ್ ಎಲ್ಲ ಉಳಿತಾಯ. ಆದರೆ ಆ ಲೆಕ್ಕದಲ್ಲಿ ಕೊಳಲಿನವರ ಆದಾಯ ಹೋಯ್ತು, ಕೀಬೋರ್ಡ್‌ನ ‘ಫ್ಲೂಟ್’ ಬಟನ್ ಬಂತು.

ಅವರ ವಿಶೇಷ ಏನಂದ್ರೆ, ಕೊಳಲಿನ ಬಿಟ್ ಬಂದಾಗ ಅವರು ಕಾರ್ಡ್ ಬಿಟ್ಟುಬಿಡ್ತಾರೆ. ಎಡಗೈ ಚಕ್ರದ ಮೇಲೆ ಹೋಗುತ್ತೆ. ಜೊತೆಗೆ ನುಡಿಸ್ತಿದ್ದ ಕೊಳಲಿನವರು ಉಸಿರನ್ನ ಎಲ್ಲಿ ಬಾಗಿಸ್ತಿದ್ದರು ಅನ್ನೋದು ಅವರಿಗೆ ನೆನಪಿದೆ, ಅದನ್ನೇ ಚಕ್ರದಲ್ಲಿ ತರೋಕೆ ನೋಡ್ತಾರೆ. ಯಾನ್ ಹ್ಯಾಮರ್ ಹೆಸರು ಅವರು ಕೇಳಿರಲಿಲ್ಲ. ನನ್ನ ಫೋನ್‌ನಲ್ಲಿ ‘ಒನ್ ವರ್ಡ್’ ಕೇಳಿಸಿದೆ. ಹಾಡು ಮುಗಿಯೋಕೆ ಮೊದಲೇ ಅವರ ಎಡಗೈ ಹೆಬ್ಬೆರಳು ಟೇಬಲ್ ಮೇಲೆ ಆಡ್ತಾ ಇತ್ತು.

ಹೋದ ಕೆಲಸಗಳು ಚಕ್ರ ತಿರುಗಿಸಿದರೆ ವಾಪಸ್ ಬರಲ್ಲ. ಒಂದು ಯಂತ್ರ ಐದು ಜನರ ಜಾಗದಲ್ಲಿ ಕೂತಿದೆ ಅಂದ್ಮೇಲೆ, ಕನಿಷ್ಠ ಅವರಿಗೆ ಗೊತ್ತಿದ್ದನ್ನ ಅದು ಕಲಿಯಲಿ ಅನ್ನೋದಷ್ಟೇ ನನ್ನ ಆಸೆ.

ಮನೆಯಲ್ಲಿ ಕೀಬೋರ್ಡ್ ಇದ್ದರೆ ಎಡಗಡೆ ಚಕ್ರವೋ ಸಣ್ಣ ಕಡ್ಡಿಯೋ ಇದೆಯಾ ನೋಡಿ. ಇಲ್ಲ ಅಂದ್ರೆ ಫೋನ್‌ನ ಸಿಂಥ್ ಆ್ಯಪ್‌ಗಳಲ್ಲಿ ಹುಡುಕಿ. ಸೆಟ್ಟಿಂಗ್‌ನಲ್ಲಿ ‘ಮೋನೋ’ ಅಂತ ಇರುತ್ತೆ, ಅದನ್ನ ಆನ್ ಮಾಡಿ ಒಂದೇ ಸ್ವರದಲ್ಲಿ ನಿಮಗೆ ಬರೋ ಯಾವುದಾದರೂ ಹಾಡಿನ ಎರಡು ಸಾಲು ನುಡಿಸಿ. ರೆಕಾರ್ಡ್ ಮಾಡಿ ನನಗೆ ಕಳಿಸಿ, ಚೆನ್ನಾಗಿರೋದನ್ನ ಮುಂದಿನ ಎಪಿಸೋಡ್ ಶುರುವಿನಲ್ಲಿ ಹಾಕ್ತೀನಿ. ಸಿಗೋಣ, ನಮಸ್ಕಾರ.